ವಸಡಿನ ನೀಲಿ ಗೆರೆ

ಬೆಳಗಾವಿಯ ಉದ್ಯಮಬಾಗದ ಬ್ಯಾಟರಿ ಕಾರ್ಖಾನೆಯ ಸೀಸ ಬಾಳಪ್ಪನ ಎರಡೂ ಕೈಯ ಬಲ ತಿಂದಿತು. ಮಾಲೀಕ ಬಾಳಾಸಾಹೇಬ ಅದನ್ನು ದಾರೂ ರೋಗವೆಂದು ಹೇಳಿ ಅವನನ್ನು ಕೆಲಸದಿಂದ ತೆಗೆದ.

ಈಗ ಖಾನಾಪುರದ ಹೊಳೆದಂಡೆಯಲ್ಲಿ, ಕುಣಿಯೊಳಗೆ ಕೂರಿಸಿದ ಬಾಳಪ್ಪನ ಹೆಣದ ಎಡ ಅಂಗೈಗೆ ಮಠದ ಅಯ್ಯ ಲಿಂಗ ಇಡುತ್ತಿದ್ದ. ಕೈ ಜೋತುಬಿತ್ತು. ಲಿಂಗ ಜಾರಿ ವಿಭೂತಿಯ ಮೇಲೆ ಬಿತ್ತು.

“ಬದುಕಿದ್ದಾಗೂ ಹಿಂಗ ಕೆಡವತಿದ್ದ,” ಎಂದ ಅಯ್ಯ, ಕೈ ಒರೆಸಿಕೊಳ್ಳುತ್ತ. “ಹೆಂಡ ಹಿಡದ ಕೈಯಾಗ ಲಿಂಗ ನಿಲ್ಲತೈತೇನು?”

ದಂಡೆಯಲ್ಲಿ ನಿಂತಿದ್ದ ಹೆಂಡತಿ ಶಿವಬಸವ್ವ ಮಾಲೀಕನತ್ತ ನೋಡಿದಳು. ಮಾಲೀಕ ತಂದಿದ್ದ ಮಾರುದ್ದದ ಚೆಂಡುಹೂವಿನ ಹಾರ, ಅವನ ಅತ್ತರು, ಎಲೆಅಡಿಕೆಯ ಕೆಂಪು ತುಟಿಯ ಮೇಲೆ ಅಂಟಿಸಿಕೊಂಡಿದ್ದ ಮರುಕ. ಇದೇ ಮನುಷ್ಯ ದಿನಾ ಆಳುಗಳಿಗೆ ಒಂದೊಂದು ಚೂರು ಬೆಲ್ಲ ಹಂಚುತ್ತಿದ್ದ, ತಿಂದರೆ ಸೀಸ ಇಳಿಯುತ್ತದೆಂದು. ಸೀಸದ ಪುಡಿ ಮೆತ್ತಿದ ಕೈಯಲ್ಲೇ ಅವರು ತಿನ್ನುತ್ತಿದ್ದರು. ಕೈ ತೊಳೆಯಲು ಸಾಬಾಣ ಕೊಟ್ಟವನಲ್ಲ.

* * *

ಹೋದ ವರ್ಷ, ಎಂಬತ್ತಮೂರರಲ್ಲಿ, ಬೆಳಗಾವಿಯ ಡಾಕ್ಟರು ಬಾಳಪ್ಪನ ತುಟಿ ಎತ್ತಿ, ವಸಡಿನ ಗುಂಟ ಎಳೆದಂತಿದ್ದ ನೀಲಿ ಗೆರೆಯನ್ನು ಅವಳಿಗೆ ತೋರಿಸಿದ್ದರು. ತೋಳಿಗೆ ಸಣ್ಣ ಕರೆಂಟ್ ಮುಟ್ಟಿಸಿ ನೋಡಿದ್ದರು. ಬೆರಳು ಏಳಲಿಲ್ಲ.

“ಬ್ಯಾಟರಿ ಮಾಡಿ ಮಾಡಿ ನನ್ನ ಬ್ಯಾಟರಿನ ಇಳೀತಲ್ರಿ,” ಎಂದು ಬಾಳಪ್ಪ ನಕ್ಕಿದ್ದ.

“ನರ ಕೆಟ್ಟದ,” ಎಂದರು ಡಾಕ್ಟರು. “ನರ ಅಂದ್ರ ಬರೇ ತಂತಿ ಅಲ್ಲ. ಉಪ್ಪಿನ ಕಣ ಹೊರಗಿಂದ ಒಳಗ ನುಗ್ಗಿದ ಜಾಗಾದಾಗ ಕರೆಂಟ್ ಹುಟ್ಟತದ. ಅದು ಬಾಜೂದ ಜಾಗಾ ಎಬ್ಬಸ್ತದ, ಅಲ್ಲೂ ಉಪ್ಪು ನುಗ್ಗತದ, ಅದು ಮುಂದಿಂದನ್ನ ಎಬ್ಬಸ್ತದ. ಬಾವಿ ತೋಡೂ ಮುಂದ ಮಂದಿ ಸಾಲಾಗಿ ನಿಂತು ಮಣ್ಣಿನ ಬುಟ್ಟಿ ಕೈ ಬದಲಸ್ತಾರಲ್ಲ, ಹಂಗ. ಸೀಸ ನಡುವಿನವ್ರನ್ನ ಕೆಡವ್ಯದ. ತಲಿ ‘ಕೈ ಎತ್ತು’ ಅಂತದ, ಬುಟ್ಟಿ ಕೈತನಕ ಬರೂದಿಲ್ಲ.”

“ದಾರೂದಿಂದ ಅಲ್ರಿ?” ಎಂದು ಶಿವಬಸವ್ವ ಕೇಳಿದ್ದಳು.

“ಈ ಗೆರಿ ದಾರೂದ್ದಲ್ಲವ್ವಾ.”

ಅಂದಿನಿಂದ ಪೂಜೆಯ ಹೊತ್ತಿಗೆ, ಲಿಂಗ ಬೀಳದಂತೆ, ಅವಳು ಗಂಡನ ಅಂಗೈ ಕೆಳಗೆ ತನ್ನ ಅಂಗೈ ಇಟ್ಟು ಕೂರುತ್ತಿದ್ದಳು. ಕೊನೆಗೆ ಸೀಸ ಮೂತ್ರಪಿಂಡಕ್ಕೂ ಇಳಿದು, ಮೂತ್ರ ಕಟ್ಟಿ, ಮೈ ಬಾತು, ಬಾಳಪ್ಪ ಸತ್ತ.

* * *

ಮಾಲೀಕ ಅಯ್ಯನ ಕಿವಿಯಲ್ಲಿ ಏನೋ ಹೇಳಿದ. ಅಯ್ಯ ಅದನ್ನು ಬಾಳಪ್ಪನ ತಮ್ಮ ಗುರುಪುತ್ರಪ್ಪನಿಗೆ ಹೇಳಿದ. ಅದೇ ಕಾರ್ಖಾನೆಯ ಆಳು ಗುರುಪುತ್ರಪ್ಪ, ತಲೆ ತಗ್ಗಿಸಿಕೊಂಡು ಅವಳ ಹತ್ತಿರ ಬಂದ.

“ವೈನಿ, ಅಣ್ಣ ಕುಡದ ಕೈ ಕಳಕೊಂಡ, ತಪ್ಪಾತು ಅಂತ ಮಂದಿ ಮುಂದ ಅಂದಬಿಡು. ಅಯ್ಯಾರು ಕೈಯಾಗ ಲಿಂಗ ಕಟ್ಟಿ ಇಡತಾರಂತ. ಇಲ್ಲಾಂದ್ರ ಅಣ್ಣ ಬರೇ ಕೈಲೆ ಮಣ್ಣಾಗತಾನ.”

“ಯಾರಿಗೆ ಬೇಕಾಗೇತಿ ಇದು?”

“ಸಾವಕಾರ್ರಿಗೆ. ಕಾರ್ಖಾನಿ ಮಂದಿ ಎಲ್ಲಾ ಬಂದಾರಲ್ಲ, ಕೇಳ್ಲಿ ಅಂತ. ಅನ್ನು ವೈನಿ. ನನ್ನ ಕೆಲಸಾ ಉಳೀತೈತಿ.”

“ತುಟಿ ಎತ್ತು.”

“ಏನು?”

“ನಿನ್ನ ತುಟಿ ಎತ್ತಿ ತೋರ್ಸು.”

ಎತ್ತಿದ. ವಸಡಿನ ಗುಂಟ ನೀಲಿ ಗೆರೆ. ಅವಳು ಮುಖ ತಿರುಗಿಸಿದಳು.

ಅಯ್ಯನಿಗೆ ಹೊತ್ತಾಗಿತ್ತು. “ಮಣ್ಣು ಬರ್ಲಿ,” ಎಂದ. ಮಣ್ಣಿನ ಗುಡ್ಡೆಯಿಂದ ಕುಣಿಯ ತನಕ ಕಾರ್ಖಾನೆಯ ಮಂದಿ ಸಾಲು ನಿಂತರು. ಬುಟ್ಟಿ ಕೈಯಿಂದ ಕೈಗೆ ಸಾಗಿ ಬಂತು. ಅದರ ಭಾರಕ್ಕೆ ಕೆಲವರ ಮುಂಗೈ ಆಗಲೇ ಬಾಗುತ್ತಿತ್ತು. ಗುರುಪುತ್ರಪ್ಪ ಅದನ್ನು ಶಿವಬಸವ್ವನಿಗೆ ದಾಟಿಸಿದ. ಮೊದಲ ಮಣ್ಣು ಹೆಂಡತಿಯದು.

ಕೆಳಗೆ ಗಂಡನ ಅಂಗೈ ಬರಿದಾಗಿತ್ತು.

“ಹಾಕವ್ವಾ,” ಎಂದ ಅಯ್ಯ.

“ಹಾಕೂದಿಲ್ಲ.”

“ಹಂಗಾರ ಅನ್ನು.”

“ಅನ್ನೂದೂ ಇಲ್ಲ. ಸೀಸ ತಿಂದು ಸತ್ತಾನ. ಲಿಂಗ ಇಡ್ರಿ.”

ಮಾಲೀಕ ಗಂಟಲು ಸರಿಮಾಡಿಕೊಂಡ. ಅವಳು ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಣಿಯ ಬಾಯಿಗೆ ಕೂತುಬಿಟ್ಟಳು. ಎರಡನೆಯ ಬುಟ್ಟಿ ಗುರುಪುತ್ರಪ್ಪನ ಕೈಯಲ್ಲೇ ನಿಂತಿತು. ಮೂರನೆಯದು ಅವನ ಹಿಂದಿನವನ ಕೈಯಲ್ಲಿ. ಸಾಲಿನ ಆ ತುದಿಯಲ್ಲಿ, ಗುಡ್ಡೆಯ ಹತ್ತಿರ ನಿಂತವನಿಗೆ ಮಾತ್ರ ಸುದ್ದಿ ಇನ್ನೂ ಮುಟ್ಟಿರಲಿಲ್ಲ. ಅವನು ಬುಟ್ಟಿ ತುಂಬುತ್ತಲೇ ಇದ್ದ.