ಮುದಕಮ್ಮನ ಮಣ್ಣು

ಕುಣಿ ಸೊಂಟದಾಳ ಆಗಿತ್ತು. ಯಮನೂರ ಸಲಿಕೆಯಿಂದ ಎತ್ತಿ ಎಸೆದ ಎರೆಮಣ್ಣಿನ ಹೆಂಟೆ ಕಲ್ಲೇಶನ ಚಪ್ಪಲಿಯ ಮುಂದೆ ಬಿದ್ದು ಒಡೆಯಿತು.

"ಯಾರ್ನ ಕೇಳಿ ತೋಡಾಕತ್ತೀಯೋ ಯಮನ್ಯಾ?"

ಪಕ್ಕದ ಹೊಲದ ಸಾವಕಾರ ಕಲ್ಲೇಶ ಬೈಕನ್ನು ಬದುವಿನ ಮೇಲೆ ನಿಲ್ಲಿಸಿ ಬಂದಿದ್ದ. ಯಮನೂರ ಕುಣಿಯೊಳಗಿನಿಂದಲೇ ತಲೆಯೆತ್ತಿದ. "ಅವ್ವ ತೀರಿಕೊಂಡಾಳ್ರಿ ಸಾವಕಾರ್ರ. ನಮ್ಮ ಹೊಲದಾಗ ಮಣ್ಣ ಕೊಡಾಕ..."

"ನಿಮ್ಮ ಹೊಲ ಎಲ್ಲೈತಿ ತೋರಿಸು. ನಾನೂ ನೋಡತೀನಿ."

ಬೇವಿನ ಗಿಡದ ಅರೆಬರೆ ನೆರಳಲ್ಲಿ ಮುದಕಮ್ಮ ಸಿದಿಗೆಯ ಮೇಲೆ ಮಲಗಿದ್ದಳು. ಬಾರಿಸುತ್ತಿದ್ದ ಹಲಗೆಯ ಸಪ್ಪಳ ತಾನಾಗಿಯೇ ನಿಂತಿತು. ತಳಕಲ್ಲು ಊರಿನಿಂದ ಬಂದ ಬೀಗರು ಮುಖ ಮುಖ ನೋಡಿಕೊಂಡರು. ಸರಕಾರ ಕೇರಿಯವರಿಗೆ ಕೊಟ್ಟ ಜಮೀನೆಂದರೆ ಬೇರೆ ಯಾರಿಗೂ ಬೇಡವಾದ ಜಮೀನು. ಅದರ ಕಲ್ಲು ಆರಿಸಿ, ಬದು ಕಟ್ಟಿ, ಕಡಲೆ ಬೆಳೆದು ತೋರಿಸುವುದರಲ್ಲೇ ಅವಳ ಆಯುಷ್ಯ ತೀರಿತ್ತು. ಕೇರಿಯ ಸುಡುಗಾಡನ್ನು ಕಲ್ಲುಕ್ವಾರಿ ನುಂಗಿದ ಮೇಲೆ ಹೊಲವಿದ್ದ ಹೆಣಕ್ಕೆ ಹೊಲ, ಇಲ್ಲದ ಹೆಣಕ್ಕೆ ಹಳ್ಳ.

ಅವಳ ಜೊತೆ ಕಳೆ ತೆಗೆಯುತ್ತಲೇ ಮುದುಕಿಯಾಗಿದ್ದ ಸರ್ದಾರಬೀ ಎದ್ದು ನಿಂತಳು.

"ಸಾವಕಾರ್ರ, ಈ ಹೊಲದ ಕಲ್ಲ ಹೊತ್ತು ನಂದೂ ನೆತ್ತಿ ಬೋಳಾಗೈತಿ. ಅವಾಗ ನೀವು ಇತ್ಲಾಗ ಉಚ್ಚಿ ಹೊಯ್ಯಾಕೂ ಬರ್ತಿದ್ದಿಲ್ಲ."

ಯಾರೋ ನಗಲು ಹೋಗಿ ನುಂಗಿಕೊಂಡರು. ಕಲ್ಲೇಶ ಮಾತ್ರ ಬಾಯ್ತುಂಬ ನಕ್ಕ. "ಆ ನೆತ್ತಿ ಕಂಪ್ಯೂಟರಿಗೆ ತೋರಿಸಬೇ. ಗಾಳೇಶ ಇಲ್ಲೇ ಅದಾನಲ್ಲ."

ಎಲ್ಲರೂ ಗಾಳೇಶನ ಕಡೆ ತಿರುಗಿದರು. ಅವನು ಸತ್ತವಳ ತಂಗಿಯ ಮಗ, ತಹಶೀಲ್ದಾರ ಕಚೇರಿಯ ಕಂಪ್ಯೂಟರ್ ಆಪರೇಟರ್. ಹೆಗಲ ಮೇಲಿನ ಟವೆಲ್ ಸರಿಪಡಿಸಿಕೊಂಡ.

*

ಹೋದ ಬೇಸಿಗೆಯಲ್ಲಿ ಅವ್ವ, ಮಗ ಇಬ್ಬರೂ ಇದೇ ಗಾಳೇಶನ ಮೇಜಿನ ಮುಂದೆ ನಿಂತಿದ್ದರು. ಹಳೆಯ ಕಂಪ್ಯೂಟರಿನ ಪಹಣಿಗಳನ್ನು ಹೊಸದಕ್ಕೆ ದಾಟಿಸಲು ಅವನೊಂದು ಸ್ಕ್ರಿಪ್ಟ್ ಬರೆದಿದ್ದ. ಅದು ಓಡಿ ಮುಗಿದಾಗ ಊರ ಹೊಲಗಳ ಒಡೆಯರೆಲ್ಲ ಸಾಲು ಸಾಲು ಪ್ರಶ್ನೆ ಚಿಹ್ನೆಗಳಾಗಿದ್ದರು.

"ಏನಾತಂದ್ರ ದೊಡ್ಡವ್ವ, ಯಾವ ಫೈಲ್ ತೆಗದರೂ ಯೂನಿಕೋಡಿನ್ಯಾಗ ಓದು, ಯೂನಿಕೋಡಿನ್ಯಾಗ ಬರಿ ಅಂತ ನನ್ನ ಲ್ಯಾಪ್‌ಟಾಪಿಗೆ ಒಮ್ಮೆ ಹೇಳಿಟ್ಟಿದ್ದೆ. ಮನ್ಯಾಗ ಛಲೋ ಓಡಿತು. ಇಲ್ಲಿ ಮಷೀನಿಗೆ ಯಾರೂ ಹೇಳಿದ್ದಿಲ್ಲ. ಅದು ತನಗ ಗೊತ್ತಿದ್ದ ಲಿಪಿ ಹಿಡೀತು. ಕನ್ನಡ ಅಕ್ಷರ ಬಂದಲ್ಲೆಲ್ಲಾ ಪ್ರಶ್ನೆ ಚಿಹ್ನೆ ಒತ್ತಿಬಿಟ್ಟೈತಿ."

"ಹಂಗಾರ ಈಗ ಹೇಳು ಅದಕ್ಕ."

"ಸ್ಕ್ರಿಪ್ಟಿನ ತಲೀಗೆ ಒಂದು ಸಾಲು ಬರದು ಮತ್ತ ಓಡಿಸಿದ್ರ ಮುಗೀತು. ಹಳೇ ಫೈಲ್ ಹಂಗ ಐತಿ. ಸಾಹೇಬ್ರು ಬ್ಯಾಡ ಅಂತಾರ. ಎಲ್ಲಾರದೂ ಸರಿ ಮಾಡಿದ್ರ ಎಲ್ಲಾರದೂ ಕೆಡಿಸಿದ್ದು ನಾವು ಅಂತ ಒಪ್ಪಿದಂಗ ಆಕ್ಕೈತಿ. ಬಂದು ಕೇಳಿದವರದು ಅಷ್ಟ ಮಾಡು ಅಂದಾರ."

"ನಾ ಬಂದು ಕೇಳಾಕತ್ತೀನಲ್ಲೋ."

"ಹೊಲ ನಿಂದು ಅನ್ನೂದಕ್ಕ ದಾಖಲಿ ತಾ."

"ದಾಖಲಿ ನಿನ್ನ ಡಬ್ಬಿ ಒಳಗ ಇತ್ತು ಮಗನ. ನೀನ ನುಂಗಿಸಿ, ನನ್ನ ಹೊಟ್ಟಿ ಹಿಚಗತೀಯಲ್ಲ."

ಕಲ್ಲೇಶನ ಹೆಸರೂ ಪ್ರಶ್ನೆ ಚಿಹ್ನೆಯೇ ಆಗಿತ್ತು. ಅವನು ಕಚೇರಿಗೆ ಬರಲಿಲ್ಲ. ಸಾಹೇಬರಿಗೆ ಫೋನು ಮಾಡಿದ. ಸಂಜೆಯೊಳಗೆ ಅವನ ಹೆಸರು ತಿರುಗಿ ಬಂತು. ಪಕ್ಕದ ಸಾಲು ಹೆಸರಿಲ್ಲದೆ ಉಳಿಯಬಾರದೆಂದು ಸಾಹೇಬರು ಅಂದರು, ಮುದಕಮ್ಮನ ಹೊಲದ ಮೇಲೂ ಗಾಳೇಶ ಅದೇ ಹೆಸರನ್ನು ಒತ್ತಿದ. ಅಳಿಸಿದ್ದು ಮಷೀನು, ನಿಜ. ತುಂಬಿದ್ದು ತನ್ನ ತಮ್ಮನೇ ಎಂದು ಯಮನೂರನಿಗೆ ತಿಳಿಯಲು ಒಂದು ಮಳೆಗಾಲವೇ ಹಿಡಿಯಿತು. ಮುದಕಮ್ಮ ಮಾತ್ರ ಹಾಸಿಗೆ ಹಿಡಿಯುವ ತನಕ ಆ ಕಚೇರಿಯ ಮೆಟ್ಟಿಲು ಸವೆಸಿದಳು.

*

"ತಮ್ಮಾ, ಹೇಳು. ಇದು ಯಾರ ಹೆಸರಲೆ ಇತ್ತು?" ಯಮನೂರ ಕುಣಿಯೊಳಗಿನಿಂದ ಕೇಳಿದ.

"ಅಣ್ಣಾ, ರೆಕಾರ್ಡಿನ್ಯಾಗ ಈಗ ಏನೈತೋ ಅಷ್ಟ ನಾ ಹೇಳಬೇಕು. ನಂದು ಕಾಂಟ್ರ್ಯಾಕ್ಟ್ ನೌಕರಿ."

"ನಿನ್ನವ್ವಗ ಹಾಲು ಬತ್ತಿದಾಗ ಇಕಿ ಮೊಲಿ ಉಂಡಿ ನೀ," ಎಂದಳು ಸರ್ದಾರಬೀ. "ಅದು ಯಾವ ರೆಕಾರ್ಡಿನ್ಯಾಗ ಐತಿ?"

ಗಾಳೇಶ ಒಂದು ಹೆಜ್ಜೆ ಕಲ್ಲೇಶನ ಕಡೆ ಸರಿದ.

"ನಾ ಏನ್ ರಾಕ್ಷಸ ಅಲ್ಲ," ಎಂದ ಕಲ್ಲೇಶ. "ಹೂಳ್ರಿ. ಇಷ್ಟು ಮಂದಿ ಮುಂದ ಒಂದ ಮಾತು ಅಂದುಬಿಡು. ಇದು ಕಲ್ಲೇಶಪ್ಪನ ಹೊಲ, ಅವರ ದಯಾದಿಂದ ನಮ್ಮವ್ವನ್ನ ಇಲ್ಲಿ ಇಡಾಕತ್ತೀವಿ ಅಂತ. ಒಲ್ಲೆ ಅಂದ್ರ ಹಳ್ಳ ಐತಿ, ಕಾಯಾಕ ನಾಯಿ ಅದಾವ. ಗಾಳೇಶ, ಮೊಬೈಲ್ ತಗಿ. ವಿಡಿಯೋ ಇರಲಿ."

ಸೋದರಮಾವ ಹೇಮಪ್ಪ ಕುಣಿಯ ಅಂಚಿಗೆ ಬಂದು ಕುಕ್ಕರಿಸಿದ. "ಅಂದುಬಿಡಪಾ. ಬಿಸಿಲು ಏರೈತಿ. ಹೆಣ ತಡಿಯಂಗಿಲ್ಲ."

"ಅನಬ್ಯಾಡ," ಎಂದಳು ಸರ್ದಾರಬೀ. "ಇವತ್ತ ಅಂದ್ರ ನಾಳಿ ಕೋರ್ಟಿನ್ಯಾಗ ನಿನ್ನ ಬಾಯೇ ನಿನ್ನ ವಿರುದ್ಧ ಸಾಕ್ಷಿ ಆಕ್ಕೈತಿ. ಹೊಲ ಹೋತು ಅಂತ ತಿಳಕೋ."

ಯಮನೂರ ಅವ್ವನ ಕಡೆ ನೋಡಿದ. ಗದ್ದಕ್ಕೆ ಕಟ್ಟಿದ ಬಟ್ಟೆಯ ಮೇಲೆ ಇರುವೆ ಹತ್ತಿದ್ದವು. ಹೊಟ್ಟೆಯ ಮೇಲಿನ ಸೀರೆ ಬೆಳಿಗ್ಗೆಗಿಂತ ಬಿಗಿಯಾಗಿತ್ತು. ಅವನ ತುಟಿ ಅಲುಗಿತು.

"ಅಣ್ಣಾ, ಸ್ವಲ್ಪ ಜೋರಾಗಿ ಅನ್ನು," ಎಂದ ಗಾಳೇಶ, ಮೊಬೈಲ್ ಹಿಡಿದುಕೊಂಡು. "ಗಾಳಿ ಐತಿ. ಕೇಳೂದಿಲ್ಲ."

ಯಮನೂರ ಜೋರಾಗಿ ಅಂದ.

ಮುದಕಮ್ಮನನ್ನು ಇಳಿಸಿದರು. ಹಿಡಿಮಣ್ಣು ಹಾಕಿದರು. ಸಲಿಕೆಗಳು ಆಡಿದವು. ಕುಣಿಯೊಳಗೆ ಅವಳು ಹಿಡಿದ ಜಾಗದಷ್ಟು ಮಣ್ಣು ಮೇಲೆ ಉಳಿದು ಗುಡ್ಡೆಯಾಗಿ ನಿಂತಿತು.

"ಗುಡ್ಡಿ ಬ್ಯಾಡ," ಎಂದ ಕಲ್ಲೇಶ. "ನಾಳಿ ಟ್ರ್ಯಾಕ್ಟರ್ ಬರತೈತಿ. ಸಮಾ ಮಾಡಿ ಹೋಗ್ರಿ."

ಹೆಚ್ಚಿನ ಮಣ್ಣನ್ನು ಹೆಂಗಸರು ಬುಟ್ಟಿ ತುಂಬಿ ಬದುವಿಗೆ ಚೆಲ್ಲಿದರು. ಉಳಿದದ್ದನ್ನು ತುಳಿಯಲು ಯಾರೂ ಮುಂದೆ ಬರಲಿಲ್ಲ. ಯಮನೂರ ಚಪ್ಪಲಿ ಬಿಟ್ಟು ಹತ್ತಿದ. ಕಾಲ ಕಡೆಯಿಂದ ತುಳಿಯುತ್ತ ತಲೆಯ ಕಡೆ ಹೋದ. ಹಿಮ್ಮಡಿ ಹುಗಿದಲ್ಲೆಲ್ಲ ಮಣ್ಣು ಮೆತ್ತಗೆ ಕುಸಿಯಿತು.

ಕಲ್ಲೇಶ ಬೈಕ್ ಏರಿ, ಬದುವಿನ ಮೇಲಿನಿಂದ ಬಗ್ಗಿ ನೋಡಿದ.

"ಅಲ್ಲಿ, ಎದೀ ಕಡೆ. ಇನ್ನೂ ಉಬ್ಬೈತಿ ನೋಡು."

ಯಮನೂರ ತಿರುಗಿ ಬಂದು ಅಲ್ಲಿ ಎರಡೂ ಕಾಲು ಕೂಡಿಸಿ ನಿಂತ.