ಸೊಸೆ ಎತ್ತಿದ ಭಾರ, ಮೂರನೆಯ ಸಾಲಿನ ಗಂಟಲು

ಆ ಮನೆಯ ಸೊಸೆ ಎಂಟು ನೂರು ಕಿಲೋ ಕಬ್ಬಿಣವನ್ನು ನೆಲದಿಂದ ಎತ್ತಿ ನೆಟ್ಟಗೆ ನಿಂತಾಗ ಭೂಮಿ ಒಂದೂವರೆ ಅಡಿ ಕೆಳಕ್ಕೆ ಇಳಿಯಿತು. ಬಾಯಿಗೆ ಬಂದ ಲೆಕ್ಕವಲ್ಲ, ಅಳತೆ ಅದು. ಸೂರ್ಯ ನಡುನೆತ್ತಿಯಲ್ಲಿ ಏಳು ನಿಮಿಷ ನಿಂತು ನೋಡಿದ. ಊರಿನ ತಕ್ಕಡಿಗಳೆಲ್ಲ ನಾಚಿ ಸೊನ್ನೆಗೆ ಬಂದು ಕೂತವು. ನಂಬದವರು ಇಲ್ಲಿಗೇ ಎದ್ದು ಹೋಗಬಹುದು, ಬಾಗಿಲು ತೆರೆದೇ ಇದೆ.

ಸೊಸೆಗೆ ನಲವತ್ತಮೂರು. ದೊಡ್ಡ ಹೋಟೆಲೊಂದರ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ವಿಭಾಗದ ಕೆಲಸ. ಕಿಟಕಿಯಿಲ್ಲದ ಕೋಣೆ, ಗೋಡೆಗುಂಟ ಆರು ಯಂತ್ರ, ಬಿಸಿ ಹಬೆ. ಯಂತ್ರದಿಂದ ಒದ್ದೆ ಚಾದರಗಳ ಗಂಟನ್ನು ಎಳೆದು ಗಾಡಿಗೆ ಹಾಕಬೇಕು, ಗಾಡಿಯಿಂದ ಎತ್ತಿ ಒಣಗಿಸುವ ಯಂತ್ರದ ಬಾಯಿಗೆ ತುರುಕಬೇಕು. ಒದ್ದೆ ಚಾದರವೆಂದರೆ ಮಲಗಿದ ಎಮ್ಮೆ. ತಾನಾಗಿ ಏಳುವ ಜಾಯಮಾನವಲ್ಲ. ಅಂಥ ಎಮ್ಮೆಗಳನ್ನು ಅವಳು ದಿನಕ್ಕೆ ನಾಲ್ಕು ಸಾವಿರದಂತೆ ಇಪ್ಪತ್ತು ವರ್ಷ ಎತ್ತಿದಳು. ಅಷ್ಟು ವರ್ಷದಲ್ಲಿ ಒಬ್ಬರಾದರೂ “ಎತ್ತಿದಳಪ್ಪಾ!” ಎಂದು ತಲೆಯೆತ್ತಿ ನೋಡಲಿಲ್ಲ.

ಅತ್ತೆಯ ಬಗ್ಗೆ ಎರಡು ಮಾತು ಹೇಳದಿದ್ದರೆ ಪಾಪ ಸುತ್ತಿಕೊಳ್ಳುತ್ತದೆ. ವಯಸ್ಸು ಎಪ್ಪತ್ತೊಂದು, ನೋಡಿದವರು ಐವತ್ತೆನ್ನುತ್ತಾರೆ. ಅಪರಂಜಿಯಂಥ ಮನಸ್ಸು, ಕೊಳಲಿನಂಥ ಮೆಲುದನಿ, ಮೈಮೇಲೆ ಸದಾ ಹಸಿರು ಉಣ್ಣೆಯ ಶಾಲು. ಸೊಸೆ ಬಸುರಿಯಾಗಿದ್ದಾಗ ನೀರು ತುಂಬಿದ ಬಕೆಟ್ಟಿಗೆ ಕೈ ಹಾಕಿದ್ದನ್ನು ನೋಡಿ ಅವರು “ಇಳಿಸು!” ಎಂದರು. ಮಗು ಹುಟ್ಟಿತು, ಬೆಳೆಯಿತು, ಅಮ್ಮನಿಗಿಂತ ಎತ್ತರವಾಗಿ ಕಾಲೇಜಿಗೂ ಹೋಯಿತು. ಆದರೆ ಅತ್ತೆಯ ಅಂತಃಕರಣ ಅಲ್ಲೇ ನಿಂತಿತ್ತು. ಸೊಸೆ ಕುರ್ಚಿ ಎತ್ತಿದರೂ “ಇಳಿಸು”, ದಿಂಬು ಎತ್ತಿದರೂ “ಇಳಿಸು”. ಅವಳೂ ಇಳಿಸುತ್ತಿದ್ದಳು. ಇಂಥ ಅತ್ತೆ ಎಲ್ಲಿ ಸಿಗುತ್ತಾರೆ ಹೇಳಿ.

ಕತೆ ಶುರುವಾದದ್ದು ಹಲ್ಲುನೋವಿನಿಂದ. ಸೊಸೆ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದಾಗ ಕೆಳಗಿನಿಂದ ಧಡ್ ಎಂದು ಸದ್ದಾಯಿತು. ಡಾಕ್ಟರ ಕೈ ಬೆಚ್ಚಿತು. ಸೂಜಿ ತಪ್ಪು ಹಲ್ಲಿಗೆ ಚುಚ್ಚಿತು. ಸೊಸೆ ಅರ್ಧ ಮರಗಟ್ಟಿದ ಬಾಯಿಯಲ್ಲೇ ಬೈಯಲು ಮೆಟ್ಟಿಲಿಳಿದಳು. ಅಲ್ಲೊಂದು ವ್ಯಾಯಾಮಶಾಲೆ. ನಿವೃತ್ತ ಡ್ರಿಲ್ ಟೀಚರಮ್ಮ ಕೈಗೆಲ್ಲ ಬಿಳಿ ಪುಡಿ ಬಳಿದುಕೊಂಡು ನಿಂತಿದ್ದರು.

“ಬೈಯೋರು ಬೈರಿ. ಅದಕ್ಕೆ ಮುಂಚೆ ಈ ಬಿಲ್ಲೆ ಸ್ವಲ್ಪ ಆಕಡೆ ಇಡ್ತೀರಾ?” ಎಂದರು.

ಇಪ್ಪತ್ತು ಕಿಲೋದ ಕಬ್ಬಿಣದ ಬಿಲ್ಲೆ. ಸೊಸೆ ಅದನ್ನು ಮಡಿಸಿದ ಟವೆಲಿನಂತೆ ಒಂದೇ ಕೈಯಲ್ಲಿ ಎತ್ತಿಟ್ಟಳು. ಟೀಚರಮ್ಮ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

“ನಾಳೆಯಿಂದ ಬಾ.”

“ನಾನು ಬೈಯೋಕ್ ಬಂದಿದ್ದು ಮೇಡಂ.”

“ದಿನಾ ಬಂದು ಬೈ.”

ಆರು ತಿಂಗಳು ಅವಳು ಕೆಲಸ ಮುಗಿಸಿ ದಿನವೂ ಹೋದಳು. ಸೊಂಟ ಬಳುಕದಂತೆ ಬಗ್ಗುವುದು, ಉಸಿರು ಹೊಟ್ಟೆಗೆ ತುಂಬಿ ಹಿಡಿಯುವುದು, ಬಿಲ್ಲೆ ಪೋಣಿಸಿದ ಸರಳನ್ನು ಮೊಣಕಾಲಿಗೆ ಸವರಿಕೊಂಡೇ ಮೇಲೆ ತರುವುದು ಎಲ್ಲ ಕಲಿತಳು. ಆಮೇಲೆ ಒಂದು ದಿನ ಟೀಚರಮ್ಮ ಹೊಸಬರ ಸ್ಪರ್ಧೆಯ ಅರ್ಜಿ ಮುಂದಿಟ್ಟರು.

“ನೆಲದಿಂದ ಎತ್ತು, ನೆಟ್ಟಗೆ ನಿಲ್ಲು. ತೀರ್ಪುಗಾರರು ಕೈ ಇಳಿಸಿ ‘ಡೌನ್’ ಅನ್ನೋವರೆಗೂ ಕೆಳಗಿಡಬೇಡ. ಮೂರು ಅವಕಾಶ. ಮೂರರಲ್ಲಿ ಒಂದು ಸರಿಯಾದ್ರೆ ಗೋಡೆ ಮೇಲಿನ ಪಟ್ಟೀಲಿ ನಿನ್ನ ಹೆಸರಿನ ಮುಂದೆ ಕಿಲೋ ಬರೀತಾರೆ. ಮೂರೂ ಹೋದ್ರೆ ಗೀಟು.”

ಸೊಸೆಗೆ ಪದಕದ ಆಸೆಯಿರಲಿಲ್ಲ. ಆದರೆ ಇಪ್ಪತ್ತು ವರ್ಷ ಎತ್ತಿದ್ದಕ್ಕೆ ಒಂದು ಅಂಕಿಯಾದರೂ ಎಲ್ಲೋ ಒಂದು ಗೋಡೆಯ ಮೇಲೆ ಇರಬೇಕು ಅನ್ನಿಸಿತು. ಆ ಗೀಟಿನ ಮಾತು ಮಾತ್ರ ಅವಳ ಎದೆಯಲ್ಲಿ ಮುಳ್ಳಾಗಿ ಕೂತಿತು. ಗೀಟು ಅಂದರೆ ಎತ್ತಲೇ ಇಲ್ಲ ಅಂತ.

ಸ್ಪರ್ಧೆಯ ದಿನ ಶಾಲೆಯೊಂದರ ಒಳಾಂಗಣದಲ್ಲಿ ಒಂದು ಲಕ್ಷ ಜನ. ಮೂರನೆಯ ಸಾಲಿನಲ್ಲಿ ಅತ್ತೆ, ಪಕ್ಕದಲ್ಲಿ ಸೊಸೆಯ ಗಂಡ, ಬಸ್ ಓಡಿಸುವವನು, ಅವನ ಕೈಯಲ್ಲಿ ಚಿತ್ರ ತೆಗೆಯಲು ಫೋನು. ಸೊಸೆ ಬಿಗಿಯಾದ ಕಪ್ಪು ಉಡುಪಿನಲ್ಲಿ ವೇದಿಕೆಗೆ ಬಂದಳು. ಅದನ್ನು ಮೊದಲ ಸಲ ತೊಟ್ಟಾಗ ಗಂಡ “ಈಜೋಕ್ ಹೋಗ್ತಿದ್ಯಾ?” ಎಂದು ಕೇಳಿ ಎರಡು ದಿನ ಮಾತಿಲ್ಲದ ಊಟ ಮಾಡಿದ್ದ.

ಬಗ್ಗಿದಳು, ಉಸಿರು ತುಂಬಿದಳು, ಎತ್ತಿದಳು. ಸರಳು ತೊಡೆಯವರೆಗೆ ಬೆಣ್ಣೆಯಂತೆ ಬಂತು. ನೆಟ್ಟಗೆ ನಿಂತಳು. ಅಷ್ಟರಲ್ಲಿ ಮೂರನೆಯ ಸಾಲಿನಿಂದ ಯಾರೋ ಮರ್ಯಾದೆಗೆಟ್ಟ ಹೆಂಗಸು ಕಾರ್ಖಾನೆಯ ಸೈರನ್ನಿನಂಥ ಗಂಟಲಲ್ಲಿ ಕೂಗಿದಳು:

“ಸಾಕು, ಇಳಿಸೇ!”

ಸೊಸೆ ಇಳಿಸಿಬಿಟ್ಟಳು. ತೀರ್ಪುಗಾರರ ಕೈ ಇನ್ನೂ ಮೇಲೇ ಇತ್ತು. ಮೂರು ಕೆಂಪು ದೀಪ ಹೊತ್ತಿದವು, ಎತ್ತಿದ್ದು ಲೆಕ್ಕಕ್ಕಿಲ್ಲ ಅಂತ.

“ಯಾರು ಇಳಿಸು ಅಂದಿದ್ದು ನಿನಗೆ?” ಟೀಚರಮ್ಮ ವೇದಿಕೆಯ ಹಿಂದೆ ಹಲ್ಲು ಕಡಿದರು.

ಸೊಸೆ ಕೈಗೆ ಮತ್ತೆ ಬಿಳಿ ಪುಡಿ ಬಳಿದುಕೊಂಡಳು. ಪಾಪ, ಅವಳಿಗೇನು ಗೊತ್ತು ಆ ಹೆಂಗಸು ಯಾರೆಂದು!

ಎರಡನೆಯ ಸಲ ಯಾರೂ ಕೂಗಲಿಲ್ಲ. ಆದರೆ ಸರಳು ಮೊಣಕಾಲು ದಾಟುವಾಗ ಸೊಸೆಯ ಕಿವಿ ತಾನಾಗಿ ಆ ಕೂಗಿಗೆ ಕಾದಿತು. ಕಾದ ಕ್ಷಣಕ್ಕೆ ಕೈ ಸಡಿಲಾಯಿತು, ಕಬ್ಬಿಣ ಅಲ್ಲಿಂದಲೇ ವಾಪಸಾಯಿತು. ಮತ್ತೆ ಕೆಂಪು. ಉಳಿದದ್ದು ಒಂದು ಅವಕಾಶ, ಇಲ್ಲವಾದರೆ ಗೀಟು.

ಆಗ ಅಪರಂಜಿ ಅತ್ತೆ ಆ ಮರ್ಯಾದೆಗೆಟ್ಟ ಹೆಂಗಸನ್ನು ಹುಡುಕಿ, ತಮ್ಮ ಕೊಳಲಿನ ದನಿಯಲ್ಲೇ ಬುದ್ಧಿ ಹೇಳಿದರು. ಅವಳು ಕಾಲಿಗೆ ಬಿದ್ದು ಅತ್ತಳು. ಮೂರನೆಯ ಸಲ ಸೊಸೆ ಎತ್ತಿ ನಿಂತಾಗ ಅದೇ ಗಂಟಲು “ಹಿಡ್ಕೋ!” ಎಂದು ಗುಡುಗಿತು, ಬಿಳಿ ದೀಪಗಳು ಹೊತ್ತಿದವು, ಭೂಮಿ ಕೆಳಕ್ಕಿಳಿಯಿತು. ಸೊಸೆಗೆ ಪ್ರಪಂಚದ ಮೊದಲ ಸ್ಥಾನ.

ಇಷ್ಟು ಬರೆದು ಮುಗಿಸಿ ತಿರುಗಿ ನೋಡಿದರೆ, ಕುರ್ಚಿಯ ಹಿಂದೆ ಸೊಸೆ ನಿಂತು ಓದುತ್ತಿದ್ದಾಳೆ.

“ಅತ್ತೆ, ಮರ್ಯಾದೆಗೆಟ್ಟ ಹೆಂಗಸು ಯಾರು?”

“ಯಾರೋ. ಆ ಗದ್ದಲದಲ್ಲಿ ಕಾಣಿಸಲಿಲ್ಲ.”

“ನಿಮ್ಮ ಮಗ ತೆಗೆದ ವಿಡಿಯೋದಲ್ಲಿ ಚೆನ್ನಾಗೇ ಕಾಣಿಸ್ತಾಳೆ. ಹಸಿರು ಶಾಲು ಹೊದ್ದಿದ್ದಾಳೆ.”

ಆಯಿತು. ಸಿಕ್ಕಿಬಿದ್ದೆ. ಅಪರಂಜಿಯೂ ನಾನೇ, ಸೈರನ್ನೂ ನಾನೇ. ಬಿಲ್ಲೆಗಳ ಆ ಸಾಲು ನೋಡಿ, ಇವಳ ಕುತ್ತಿಗೆಯ ನರ ಉಬ್ಬಿದ್ದು ನೋಡಿ ನನಗೆ ಹಳೆಯ ಬಕೆಟ್ಟು ನೆನಪಾಯಿತು, ಬಾಯಿ ತಪ್ಪಿತು. ಎಂಟು ನೂರು ಕಿಲೋ ಅಲ್ಲ, ಎಂಬತ್ತು. ಜನ ಒಂದು ಲಕ್ಷ ಅಲ್ಲ, ಅರವತ್ತಿರಬಹುದು, ಸ್ಪರ್ಧಿಗಳನ್ನೂ ಸೇರಿಸಿ. ಸ್ಥಾನ ಐವರಲ್ಲಿ ನಾಲ್ಕನೆಯದು. ಐದನೆಯವಳಿಗೆ ಜ್ವರ, ಬಂದಿರಲಿಲ್ಲ.

ನಾನು ಯಾರಿಗೂ ಬುದ್ಧಿ ಹೇಳಲಿಲ್ಲ. ಎರಡನೆಯದೂ ಹೋದಮೇಲೆ ಚಪ್ಪಲಿ ಹುಡುಕುತ್ತಿದ್ದೆ, ಹೊರಗೆ ಹೋಗಿ ಕೂರೋಣ ಎಂದು. ಇವಳೇ ಬಿಳಿ ಪುಡಿಯ ಕೈಯಲ್ಲಿ ಮೂರನೆಯ ಸಾಲಿಗೆ ಬಂದಳು. ಬೈಯುತ್ತಾಳೆ ಎಂದುಕೊಂಡೆ.

“ಎಲ್ಲಿಗ್ ಹೊರಟ್ರಿ? ಇಲ್ಲೇ ಇರಿ. ಈ ಸಲ ‘ಹಿಡ್ಕೋ’ ಅನ್ನಿ. ನನ್ನ ಕೈ ನಿಮ್ಮ ಗಂಟಲು ಬಿಟ್ರೆ ಬೇರೆ ಯಾರ ಮಾತೂ ಕೇಳಲ್ಲ, ಏನ್ ಮಾಡ್ಲಿ.”

ಅಂದೆ. ಸೈರನ್ನಿನಂತೆಯೇ ಅಂದೆ. ತೀರ್ಪುಗಾರರು ಕೈ ಇಳಿಸಿ “ಡೌನ್” ಎಂದರು, ಇವಳು ಇಳಿಸಲಿಲ್ಲ. ಮತ್ತೊಮ್ಮೆ ಎಂದರು, ಸರಳು ಹಿಡಿದು ನಡುಗುತ್ತ ನನ್ನನ್ನೇ ನೋಡುತ್ತಿದ್ದಳು. ಇಷ್ಟು ವರ್ಷ ಹೇಳಿದ ಆ ಒಂದು ಮಾತು, ಹೇಳಬೇಕಾದಾಗ ಬರಲಿಲ್ಲ. ಬರೀ ತಲೆಯಾಡಿಸಿದೆ. ಆಗ ಇಳಿಸಿದಳು. ಗೋಡೆಯ ಪಟ್ಟಿಯಲ್ಲಿ ಇವಳ ಹೆಸರಿನ ಮುಂದೆ ಎಂಬತ್ತು ಎಂದು ಬರೆದರು.

“ಮತ್ತೆ ಭೂಮಿ ಒಂದೂವರೆ ಅಡಿ ಕೆಳಗೆ ಹೋಗಿದ್ದು?” ಎಂದು ಕೇಳುತ್ತಿದ್ದಾಳೆ ಈಗ, ನಗು ತಡೆದುಕೊಂಡು.

ಅದೊಂದು ನಿಜ. ನನಗೆ ಹಾಗೇ ಕಂಡಿತು. ಆಗ ನಾನು ಕುರ್ಚಿಯ ಮೇಲೆ ಹತ್ತಿ ನಿಂತಿದ್ದೆ.