ಸೋಮವಾರದ ಬಟ್ಟಲು

ಶಿಜು ಕೂರಲು ಬಗ್ಗಿದ್ದಳು. ಅಷ್ಟರಲ್ಲಿ ತೊಕಿ ಕೈ ಚಾಚಿ ಕೂರಲು ಹಾಕಿದ್ದ ದಿಂಬನ್ನು ಸರಕ್ಕನೆ ತನ್ನ ಕಡೆಗೆ ಎಳೆದುಕೊಂಡಳು.

"ಇಲ್ಲಿ ಬೇಡ. ನೀನು ಆ ಕಡೆ ಕೂತ್ಕೋ, ಕಿಟಕಿ ಹತ್ರ."

"ಆಗ್ಲಿ ಅಕ್ಕ," ಎಂದು ಶಿಜು ಹೆಣದ ಕಾಲ ಬಳಿಗೆ ಹೋಗಿ ಬರಿಯ ಚಾಪೆಯ ಮೇಲೆ ಮಂಡಿಯೂರಿ ಕುಳಿತಳು. ತಂಗಿ ಮರುಮಾತಾಡದೆ ಹೋದದ್ದು ಕೂಡ ತೊಕಿಗೆ ಸಹ್ಯವಾಗಲಿಲ್ಲ. ಎದುರು ಮಾತಾಡಿದ್ದರೆ ಎಷ್ಟೋ ವಾಸಿಯಿತ್ತು.

ಕ್ಷೌರದಂಗಡಿಯ ಹಿಂದಿನ ಕೋಣೆಯಲ್ಲಿ ತೊಕಿಯ ಗಂಡ ಕಿಸಾಬುರೊನನ್ನು ಉತ್ತರಕ್ಕೆ ತಲೆ ಮಾಡಿ ಮಲಗಿಸಿದ್ದರು. ಮೊನ್ನೆ ಬೆಳಿಗ್ಗೆ ಅಂಗಡಿಯ ಮುಂದಿನ ಹಿಮ ಎತ್ತಿಹಾಕುತ್ತಿದ್ದವನು ಸಲಿಕೆಯನ್ನು ಗೋಡೆಗೆ ಒರಗಿಸಿ, ಆಯಾಸ ತೀರಿಸಿಕೊಳ್ಳುವವನಂತೆ ಅಲ್ಲೇ ಕುಸಿದಿದ್ದ. ಊರಿನ ಅರ್ಧ ಗಂಡಸರ ಕೆನ್ನೆ ಸವರಿದ್ದ ಕೈಗಳು ಈಗ ಜಪಮಾಲೆ ಸುತ್ತಿಕೊಂಡು ಎದೆಯ ಮೇಲೆ ಸುಮ್ಮನಿದ್ದವು.

ಶವಕ್ಕೆ ಬಟ್ಟೆ ಉಡಿಸಿ ಪೆಟ್ಟಿಗೆಯಲ್ಲಿಡಲು ಬಂದಿದ್ದ ಹೆಂಗಸು ಒಂದು ಬಟ್ಟಲು ನೀರನ್ನೂ, ತುದಿಗೆ ಹತ್ತಿ ಸುತ್ತಿದ ಕಡ್ಡಿಯನ್ನೂ ಮುಂದಿಟ್ಟಳು. "ತುಟಿಗೆ ಕೊನೇ ನೀರು ಮುಟ್ಟಿಸ್ಬೇಕು. ಮೊದಲು ಮನೆಯವರು. ಅವರಿಗೆ ಇಷ್ಟವಾಗಿದ್ದು ಏನಾದ್ರೂ ಇದ್ರೆ ಅದನ್ನೇ ಮುಟ್ಟಿಸ್ಬಹುದು. ಕೆಲವರು ಟೀ ಮುಟ್ಟಿಸ್ತಾರೆ."

"ನಮ್ಮಣ್ಣನಿಗೆ ಟೀನಾ?" ಕಿಸಾಬುರೊನ ತಮ್ಮ ತಾಹೇಯಿ ಮೂಗು ಒರೆಸಿಕೊಳ್ಳುತ್ತ ಹೇಳಿದ. "ಎದ್ದು ಕೂತು ಬೈತಾನೆ ಅಷ್ಟೆ. ಅಕ್ಕಿ ಹೆಂಡ ತನ್ನಿ, ಸಾಕೆ!"

ಅಳುತ್ತಿದ್ದವರು ನಕ್ಕರು.

"ಯಾವ ಸಾಕೆ ಅಂತ ತರೋದು?" ಎಂದ ಮದ್ಯದಂಗಡಿಯ ಒನೊದೆರಾ. "ನನ್ನನ್ನ ಕೇಳ್ಬೇಡಿ. ನಾನು ಮಾರಿದೋನು, ಕುಡಿದೋನಲ್ಲ."

"ಶಿಜುನ ಕೇಳಿ," ಎಂದ ತಾಹೇಯಿ. "ಅಣ್ಣನ ನಾಲಿಗೆ ಗೊತ್ತಿರೋದು ಅವಳೊಬ್ಬಳಿಗೇ ಅಲ್ವಾ?"

ಕೋಣೆಯಲ್ಲಿದ್ದವರ ತಲೆಗಳೆಲ್ಲ ಕಿಟಕಿಯ ಕಡೆಗೆ ತಿರುಗಿದವು. ಹೆಂಡತಿ ತಲೆಯ ಬಳಿ ಕೂತಿರುವಾಗ ಕಾಲ ಬಳಿ ಕೂತವಳನ್ನು ಕೇಳುತ್ತಿದ್ದಾರೆ! ತೊಕಿ ಎದ್ದು ಅಡುಗೆಮನೆಗೆ ನಡೆದಳು.

*

ತೊಕಿಯ ಮೈಗೆ ಸಾಕೆ ಒಗ್ಗುತ್ತಿರಲಿಲ್ಲ. ಒಂದು ಗುಟುಕು ಒಳಗೆ ಹೋದರೆ ಕುತ್ತಿಗೆಯಿಂದ ಕಿವಿಯವರೆಗೆ ಕೆಂಪೇರಿ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಮದುವೆಯ ದಿನ ಗಂಡುಹೆಣ್ಣು ಒಂದೇ ಬಟ್ಟಲಿನಿಂದ ಕುಡಿಯುವ ಶಾಸ್ತ್ರದಲ್ಲೇ ಅವಳಿಗೆ ಕಣ್ಣು ಕತ್ತಲಿಟ್ಟಿತ್ತು. ಮದುಮಗಳಿಗೆ ಅಮಲೇರಿತು ಎಂದು ನೆಂಟರು ನಕ್ಕಿದ್ದರು. "ಇನ್ಮೇಲೆ ನಿನ್ನ ಪಾಲಿಂದೂ ನಾನೇ ಕುಡೀತೀನಿ," ಎಂದಿದ್ದ ಕಿಸಾಬುರೊ. ಆ ಮಾತಿಗೆ ಅವನು ತಪ್ಪಲಿಲ್ಲ.

ಕ್ಷೌರದಂಗಡಿಗೆ ಸೋಮವಾರ ರಜೆ. ಸಂಜೆ ಸ್ನಾನ ಮುಗಿಸಿ ಅವನು ಅಡಿಯಿಂದ ಬಿಸಿಯಾಗುವ, ರಜಾಯಿ ಹೊದಿಸಿದ ಗಿಡ್ಡ ಮೇಜಿನ ಕಾವಿನೊಳಗೆ ಕಾಲು ಚಾಚಿ, ತಳದಲ್ಲಿ ನೀಲಿ ಸುತ್ತುಗಳಿದ್ದ ಬಿಳಿಯ ಬಟ್ಟಲುಗಳನ್ನು ಸಾಲಾಗಿ ಇಡುತ್ತಿದ್ದ. ಒಂದರಲ್ಲಿ ಆ ಚಳಿಗಾಲದಲ್ಲೇ ಹಿಂಡಿದ, ನಾಲಿಗೆ ಚುರುಗುಟ್ಟಿಸುವ ಹೊಸ ಸಾಕೆ. ಇನ್ನೊಂದರಲ್ಲಿ ಗಂಜಿಯಂತೆ ಬೆಳ್ಳಗಿನ, ಸರಿಯಾಗಿ ಸೋಸದ್ದು. ಮತ್ತೊಂದರಲ್ಲಿ ಬೇಸಿಗೆಯೆಲ್ಲ ಉಗ್ರಾಣದಲ್ಲಿ ಮಲಗಿ ಎಲೆ ಕೆಂಪಾಗುವಾಗ ಹೊರಬಂದದ್ದು. ಒಂದು ಗುಟುಕು, ಬಾಯಿ ಮುಕ್ಕಳಿಸಲು ನೀರು, ಮತ್ತೆ ಇನ್ನೊಂದು ಗುಟುಕು. ಹೊರಗೆ ಹೋಗಿ ಕುಡಿಯುವವನಲ್ಲ, ಮಿತಿಮೀರಿ ಕುಡಿಯುವವನೂ ಅಲ್ಲ. ಅವನಿಗೆ ಬೇಕಾಗಿದ್ದುದು ಗುಟುಕಿನ ನಂತರದ ಮಾತು. "ಇದಕ್ಕೇನೋ ವಾಸನೆ ಇದೆ ಕಣೆ, ಹೇಳೋಕೆ ಬರ್ತಿಲ್ಲ," ಎಂದು ಅವನು ಕಣ್ಣು ಮುಚ್ಚಿದರೆ ಟೀ ಹಿಡಿದು ಎದುರು ಕೂತ ತೊಕಿಗೆ ಏನು ಹೇಳಬೇಕೋ ತೋಚುತ್ತಿರಲಿಲ್ಲ.

ಶಿಜುವನ್ನು ಕರೆದವಳು ತೊಕಿಯೇ. ಗಂಡ ಸತ್ತ ಮೇಲೆ ಊರಿಗೆ ಮರಳಿ ಎರಡು ಬೀದಿಯಾಚೆ ಒಬ್ಬಳೇ ಇದ್ದ ತಂಗಿ. ಸೋಮವಾರ ಊಟಕ್ಕೆ ಬಾ ಎಂದಳು. ಕಿಸಾಬುರೊ ಒಂದು ಬಟ್ಟಲನ್ನು ಅವಳ ಮುಂದೆ ಸರಿಸಿದ. ಶಿಜು ಕುಡಿದು, ಸ್ವಲ್ಪ ಹೊತ್ತು ಸೂರು ನೋಡಿ, "ಮರಸೇಬು, ಭಾವ. ಹಣ್ಣಲ್ಲ, ತಿಂದ್ಮೇಲೆ ಕೈಯಲ್ಲಿ ಉಳಿಯತ್ತಲ್ಲ ದಿಂಡು, ಅದರ ವಾಸನೆ," ಎಂದಳು.

"ಅದೇ!" ಅವನು ತೊಡೆ ತಟ್ಟಿಕೊಂಡ. "ಇಷ್ಟು ವರ್ಷ ನಾಲಿಗೆ ತುದೀಲೇ ಇತ್ತು ನೋಡು!"

ಅಂದಿನಿಂದ ಸೋಮವಾರಗಳು ಶಿಜುವಿನವಾದವು. ಮಳೆ ಬಿದ್ದ ಕಲ್ಲು, ಅನ್ನದ ಪಾತ್ರೆಯ ಮುಚ್ಚಳ ತೆಗೆದಾಗಿನ ಹಬೆ, ಹೊಸ ಚಾಪೆ ಎಂದು ಭಾವ ನಾದಿನಿ ಒಂದೊಂದು ಗುಟುಕಿಗೂ ಹೆಸರಿಟ್ಟು ನಗುತ್ತಿದ್ದರು. ಗೋಡೆಯ ಈಚೆ ತೊಕಿ ಹೊಗೆಯಲ್ಲಿ ಒಣಗಿಸಿದ ಮೂಲಂಗಿಯ ಉಪ್ಪಿನಕಾಯಿ ಹೆಚ್ಚುತ್ತಿದ್ದಳು. ಅವರಿಬ್ಬರ ನಡುವೆ ಕೆಟ್ಟದ್ದೇನೂ ಇಲ್ಲವೆಂದು ಅವಳಿಗೆ ಗೊತ್ತಿತ್ತು. ಇದ್ದಿದ್ದರೆ ಜುಟ್ಟು ಹಿಡಿದು ಕೇಳಬಹುದಿತ್ತು. ನಗುವನ್ನು ಏನೆಂದು ಕೇಳುವುದು? ಅವಳು ಮೂಲಂಗಿಯ ಬಾಲದ ಚೂರುಗಳನ್ನೇ ಆರಿಸಿ ತಂಗಿಯ ತಟ್ಟೆಗೆ ಹಾಕುತ್ತಿದ್ದಳು.

*

ಅಡುಗೆಮನೆಯ ಹಿತ್ತಿಲ ಬಾಗಿಲಾಚೆ ಹಿಮದ ಗುಡ್ಡೆಯಲ್ಲಿ ಬಾಟಲಿಗಳು ಕುತ್ತಿಗೆಯವರೆಗೆ ಹೂತು ನಿಂತಿದ್ದವು. ತೊಕಿ ಅವನ್ನು ಒಂದೊಂದಾಗಿ ಕಿತ್ತು ಒಳಗೆ ತಂದು ಇಟ್ಟಳು. ಎಲ್ಲವೂ ಅರ್ಧಂಬರ್ಧ ಖಾಲಿ. ಯಾವುದು ಅವನಿಗೆ ಪ್ರಾಣವಾಗಿತ್ತೋ ಅವಳಿಗೆ ತಿಳಿಯದು.

ಹಿಂದೆಯೇ ಬಂದ ಶಿಜು ಬಾಟಲಿಗಳ ಕಡೆಗೆ ಕೈ ನೀಡಿದಳು. ತೊಕಿ ಆ ಕೈಯನ್ನು ತಟ್ಟಿದಳು.

"ಮುಟ್ಬೇಡ."

"ಅಕ್ಕ, ಒಳಗೆ ಎಲ್ಲರೂ ಕಾಯ್ತಿದ್ದಾರೆ."

"ಕಾಯ್ಲಿ. ನಿನಗೇನು ಮಹಾ ಗೊತ್ತಿದೆ ಅಂತ ಬಂದೆ? ಒಂದ್ಸಲ ನಿನ್ನ ಆ ಮರಸೇಬಿನ ಬಾಟಲಿಗೆ ನಾನು ಡಬ್ಬದ ಸಾಕೆ ತುಂಬಿಟ್ಟಿದ್ದೆ. ನೀನು ಅದನ್ನೂ ಹೊಗಳಿದೆ!"

*

ಅದು ನಡೆದದ್ದು ಒಂದು ಚಳಿಗಾಲದಲ್ಲಿ. ಕಿಸಾಬುರೊ ಸ್ನಾನಕ್ಕೆ ಹೋದಾಗ ತೊಕಿ ಆ ವರ್ಷದ ಅತಿ ಒಳ್ಳೆಯ ಬಾಟಲಿಯನ್ನು ಪಾತ್ರೆಗೆ ಸುರಿದು, ಅಡುಗೆಗೆಂದು ತರುತ್ತಿದ್ದ ಅಗ್ಗದ ರಟ್ಟಿನ ಡಬ್ಬದ ಸಾಕೆಯನ್ನು ಅದರಲ್ಲಿ ತುಂಬಿಟ್ಟಳು. ಸುರಿದದ್ದನ್ನು ಚೆಲ್ಲಲು ಮನಸ್ಸಾಗದೆ ಮೀನು ಬೇಯಿಸಲು ಹಾಕಿದಳು.

ಶಿಜು ಗುಟುಕರಿಸಿ, "ಆಹಾ, ಇವತ್ತಂತೂ ಮರಸೇಬು ಮರದಿಂದ ಈಗ ಕಿತ್ತ ಹಾಗಿದೆ, ಭಾವ," ಎಂದಳು. ತೊಕಿ ಬಾಗಿಲ ಸಂದಿಯಲ್ಲಿ ನಿಂತು ಗಂಡನ ಮುಖವನ್ನೇ ನೋಡಿದಳು. ಕಿಸಾಬುರೊ ಬಟ್ಟಲನ್ನು ಬಾಯಿಗಿಟ್ಟ. ಅಡುಗೆಮನೆಯ ಕಡೆಗೆ ಒಮ್ಮೆ ನೋಡಿದ.

"ಹೌದೌದು. ಇದನ್ನ ಬಿಸಿ ಮಾಡಿದ್ರೆ ಇನ್ನೂ ಚೆನ್ನಾಗಿರತ್ತೆ. ತೊಕಿ, ಇದನ್ನೊಂಚೂರು ಕಾಯಿಸ್ತೀಯಾ?"

ತಂಗಿಯ ಬಣ್ಣ ಬಯಲಾಗಲೆಂದು ಮಾಡಿದ್ದು. ಗಂಡ ಅವಳ ಮಾನ ಕಾಪಾಡಿದ. ಅಂದು ಅವನು ಮೀನನ್ನು ಎರಡು ಸಲ ಹಾಕಿಸಿಕೊಂಡು ತಿಂದದ್ದು ತೊಕಿಯ ಮನಸ್ಸಿಗೆ ನಾಟಲೇ ಇಲ್ಲ.

*

"ಗೊತ್ತಿತ್ತು," ಎಂದಳು ಶಿಜು.

"ಏನು ಗೊತ್ತಿತ್ತು?"

"ಅವತ್ತು ಕೊಡೆ ಹಿಡಿದು ಮನೇವರೆಗೆ ಬಿಡೋಕೆ ಬಂದ್ರಲ್ಲ, ಆವಾಗ ಹೇಳಿದ್ರು. ನಮ್ಮ ಒಳ್ಳೇ ಸಾಕೆಯೆಲ್ಲ ಮೀನಿನ ಹೊಟ್ಟೆ ಸೇರ್ತು ಶಿಜು, ನಿಮ್ಮಕ್ಕನ ಹತ್ರ ಬಾಯಿ ಬಿಡ್ಬೇಡ ಅಂತ."

ತೊಕಿಯ ಕೈಯಲ್ಲಿದ್ದ ಬಾಟಲಿ ಕಲ್ಲಿನ ಕಟ್ಟೆಗೆ ತಗುಲಿ ಸದ್ದಾಯಿತು. ಇಷ್ಟು ವರ್ಷ ತನ್ನ ಗುಟ್ಟು ಎಂದುಕೊಂಡದ್ದು ಅವರಿಬ್ಬರ ಗುಟ್ಟಾಗಿತ್ತು.

"ನನಗೆ ರುಚಿ ಗಿಚಿ ಏನೂ ತಿಳಿಯಲ್ಲ ಅಕ್ಕ," ಶಿಜು ನೆಲ ನೋಡುತ್ತ ಹೇಳಿದಳು. "ಮೊದಲನೇ ದಿನ ಬರೋಕೆ ಮುಂಚೆ ಮನೇಲಿ ಮರಸೇಬು ತಿಂದಿದ್ದೆ. ಕೈ ಇನ್ನೂ ವಾಸನೆ ಹೊಡೀತಿತ್ತು. ಹಂಗೇ ಅಂದ್ಬಿಟ್ಟೆ. ಆಮೇಲೆ ಪ್ರತಿ ಸಲ ನನ್ನ ಮುಖಾನೇ ನೋಡ್ತಾ ಕಾಯೋರು. ಏನ್ ಮಾಡ್ಲಿ? ದಾರೀಲಿ ಬರ್ತಾ ಬರ್ತಾ ಕಟ್ಕೊಂಡು ಬರ್ತಿದ್ದೆ, ಕಲ್ಲು, ಚಾಪೆ, ಎಲ್ಲ."

"ಹಂಗಾದ್ರೆ ಯಾಕೆ ಬರ್ತಿದ್ದೆ?"

"ಇನ್ನೆಲ್ಲಿಗೆ ಹೋಗ್ಲಿ?" ಶಿಜುವಿನ ದನಿ ಏರಿತು. "ನಿನಗೊಬ್ಬಳಿಗೇ ಹೊಟ್ಟೆ ಉರೀತಿತ್ತು ಅನ್ಕೊಂಡಿದ್ದೀಯಾ? ಬಟ್ಟಲು ನನ್ನ ಮುಂದೆ, ಅವರ ಕಿವಿ ನಿನ್ನ ಚಾಕು ಸದ್ದಿನ ಮೇಲೆ. 'ಈಗ ಮೂಲಂಗಿ ಬರತ್ತೆ, ತಡಿ' ಅನ್ನೋರು. ನೀನು ತಟ್ಟೆ ತರೋವರ್ಗೂ ಎರಡನೇ ಬಟ್ಟಲು ಮುಟ್ತಿರ್ಲಿಲ್ಲ. ನಗೋ ಹೊತ್ತಲ್ಲಿ ನಾನಿದ್ದೆ, ಸರಿ. ಬಾಗಿಲು ಹಾಕ್ಕೊಂಡ್ಮೇಲೆ ಒಳಗಿದ್ದೋಳು ನೀನು. ಹಿಮದಲ್ಲಿ ನಡ್ಕೊಂಡು ಹೋದೋಳು ನಾನು."

"ಅತ್ತಿಗೇ!" ಒಳಗಿನಿಂದ ತಾಹೇಯಿ ಕೂಗಿದ. "ಎಷ್ಟೊತ್ತು?"

ತೊಕಿ ಒಂದು ಬಟ್ಟಲು ತೆಗೆದು ಮೊದಲ ಬಾಟಲಿಯಿಂದ ಸುರಿದು ತಾನೇ ಬಾಯಿಗಿಟ್ಟಳು.

"ಅಕ್ಕ, ನಿನಗಾಗಲ್ಲ ಅದು!"

ಗಂಟಲು ಸುಟ್ಟಿತು. ಮರಸೇಬೂ ಇಲ್ಲ, ಕಲ್ಲೂ ಇಲ್ಲ. ಎರಡನೆಯದು ಬರೀ ಕಹಿ. ಕಿವಿಯ ತುದಿ ಬೆಚ್ಚಗಾಗತೊಡಗಿತು. ಮೂರನೆಯದು, ಹಳದಿ ಬಣ್ಣಕ್ಕೆ ತಿರುಗಿದ್ದ ಹಳೆಯ ಸಾಕೆ, ಮೂಗಿನ ಬಳಿ ಬಂದಾಗಲೇ ಅವಳ ಕೈ ನಿಂತಿತು. ಈ ವಾಸನೆ ಅವಳಿಗೆ ಗೊತ್ತಿತ್ತು. ಬಟ್ಟಲಿನಲ್ಲಿ ಎಂದೂ ಮೂಸಿದ್ದಲ್ಲ. ಸೋಮವಾರ ಹಾಸಿಗೆಗೆ ಬಂದು, "ಇವತ್ತು ಚೆನ್ನಾಗಿತ್ತು ಕಣೆ," ಎಂದು ಅವಳ ಕತ್ತಿನ ಹತ್ತಿರ ಮುಖವಿಟ್ಟು ಮಲಗುತ್ತಿದ್ದವನ ಉಸಿರು ಇದು. ಒಣಗಿದ ಹಣ್ಣಿನಂತೆ, ಕೊಂಚ ಜೇನಿನಂತೆ. ಬೇರೆ ಯಾವ ಬಾಟಲಿಯ ಉಸಿರಿನಲ್ಲೂ ಅವನು ಹಾಗೆ ಮಾತಾಡುತ್ತಿರಲಿಲ್ಲ.

"ಇದು," ಎಂದಳು ತೊಕಿ.

"ಹೆಂಗೆ ಗೊತ್ತಾಯ್ತು?"

ಅದು ತಂಗಿಗೆ ಹೇಳುವಂಥದ್ದಲ್ಲ.

ಬಟ್ಟಲು ಹಿಡಿದು ಕೆಂಪು ಕೆಂಪಾಗಿ ಒಳಗೆ ಬಂದ ತೊಕಿಯನ್ನು ಕಂಡು ನೆರೆಯ ಹೆಂಗಸು, "ಪಾಪ, ಅತ್ತೂ ಅತ್ತೂ ಮುಖ ಹೆಂಗಾಗಿದೆ," ಎಂದು ಪಿಸುಗುಟ್ಟಿದಳು. ತಾಹೇಯಿ ಮಾತ್ರ ಮೂಗು ಅರಳಿಸಿದ.

"ಅತ್ತಿಗೆ, ಕುಡಿದ್ರಾ?"

"ನನ್ನ ಪಾಲಿಂದು."

ಹತ್ತಿಯನ್ನು ಸಾಕೆಯಲ್ಲಿ ಅದ್ದಿ ಅವಳು ಗಂಡನ ತುಟಿಗಳನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ನಿಧಾನವಾಗಿ ಒದ್ದೆ ಮಾಡಿದಳು. ಆಮೇಲೆ ತಾಹೇಯಿ, ಆಮೇಲೆ ಶಿಜು. ಶಿಜು ಮುಂದೆ ಬಂದಾಗ ತೊಕಿ ಸಾಕೆಯ ಬಟ್ಟಲನ್ನು ತನ್ನ ಮಡಿಲಿಗೆ ಎಳೆದುಕೊಂಡು ನೀರಿನ ಬಟ್ಟಲನ್ನು ಅವಳತ್ತ ಸರಿಸಿದಳು. ಯಾರೂ ಗಮನಿಸಲಿಲ್ಲ. ಶಿಜು ನೀರನ್ನೇ ಮುಟ್ಟಿಸಿ, ತಲೆಬಾಗಿ, ಹಿಂದೆ ಸರಿದಳು.

*

ಅಂದೇ ಮಧ್ಯಾಹ್ನ ಚಿತಾಗಾರದ ಕಾಯುವ ಕೋಣೆಯಲ್ಲಿ ತಾಹೇಯಿಯೂ ಒನೊದೆರಾನೂ ಕಿಸಾಬುರೊನ ಕತ್ತರಿಯ ಕೈಚಳಕದ ಮಾತಾಡುತ್ತಿದ್ದರು. ಅಕ್ಕತಂಗಿಯರ ನಡುವೆ ಒಂದು ಕುರ್ಚಿ ಖಾಲಿಯಿತ್ತು.

"ನೀನು ಆರಿಸಿದ್ದು ಸರಿಯಾಗಿತ್ತು," ಎಂದಳು ಶಿಜು. "ಆ ಹಳೇದೇ ಅವರಿಗೆ ಪ್ರಾಣ."

ತೊಕಿ ಕತ್ತು ತಿರುಗಿಸಿದಳು. "ನಿನಗೆ ಮೊದಲೇ ಗೊತ್ತಿತ್ತಾ?"

"ಹೂಂ. ರುಚಿಯಿಂದಲ್ಲ, ಅವರ ಮುಖ ನೋಡಿ."

"ಮತ್ತೆ ಯಾಕೆ ಬಾಯಿ ಬಿಡ್ಲಿಲ್ಲ?"

"ಎಲ್ಲರೂ ನನ್ನನ್ನ ಕೇಳಿದ್ರು. ನೀನು ಕೇಳ್ಲಿಲ್ಲ."

ಹೊರಗೆ ಸೂರಿನಿಂದ ಹಿಮ ಜಾರಿ ದೊಪ್ಪೆಂದು ಬಿತ್ತು.

ಕುಲುಮೆಯಿಂದ ಅಸ್ಥಿಯ ತಟ್ಟೆಯನ್ನು ಹೊರಗೆಳೆದಾಗ ಬಿಸಿ ಮುಖಕ್ಕೆ ಬಡಿಯಿತು. ಜನ ಇಬ್ಬಿಬ್ಬರಾಗಿ ನಿಂತು, ಇಬ್ಬರೂ ತಮ್ಮ ತಮ್ಮ ಉದ್ದನೆಯ ಜೋಡಿಕಡ್ಡಿಗಳಿಂದ ಒಂದೇ ಮೂಳೆಯನ್ನು ಹಿಡಿದು, ಪಾದದಿಂದ ಮೊದಲುಮಾಡಿ ಒಂದೊಂದನ್ನೇ ಮಡಕೆಗೆ ಹಾಕಿದರು. ಕೊನೆಗೆ ಅಲ್ಲಿಯ ನೌಕರ ಒಂದು ಚಿಕ್ಕ ಮೂಳೆಯನ್ನು ಬೇರೆ ಮಾಡಿ ತೋರಿಸಿದ. ಕೈ ಮುಗಿದು ಕೂತ ಬುದ್ಧನಂತಿತ್ತು.

"ಇದು ಗಂಟಲಿಂದು. ತೀರಾ ಹತ್ತಿರದವರಿಬ್ಬರು ಎತ್ತಬೇಕು."

ತಾಹೇಯಿ ಕಡ್ಡಿ ಹಿಡಿದು ಮುಂದೆ ಬಂದ.

"ನೀನು ತಡಿ," ಎಂದಳು ತೊಕಿ. ಅವಳ ಮುಖದ ಕೆಂಪು ಇನ್ನೂ ಇಳಿದಿರಲಿಲ್ಲ. "ಶಿಜು, ಬಾ."

ಶಿಜು ಎದುರು ಬಂದು ನಿಂತಳು. ಎರಡು ಜೊತೆ ಕಡ್ಡಿಗಳು ಆ ಮೂಳೆಯನ್ನು ಎರಡು ಕಡೆಯಿಂದ ಹಿಡಿದು, ಅಲುಗದಂತೆ ಎತ್ತಿ, ಮಡಕೆಯ ಬಾಯಿಯ ಮೇಲೆ ತಂದವು.

"ಇನ್ನು ನಿಧಾನಕ್ಕೆ ಬಿಡಿ," ಎಂದ ನೌಕರ.

ಅಕ್ಕನ ಕಡ್ಡಿಯೂ ಸಡಿಲವಾಗಲಿಲ್ಲ, ತಂಗಿಯ ಕಡ್ಡಿಯೂ ಸಡಿಲವಾಗಲಿಲ್ಲ. ನೌಕರ ಇನ್ನೊಮ್ಮೆ ಹೇಳಿದ. ಮೂಳೆ ಅಲ್ಲೇ, ಮಡಕೆಯ ಬಾಯಿಯ ಮೇಲೆ, ಇಬ್ಬರ ಕಡ್ಡಿಗಳ ನಡುವೆ ನಿಂತಿತ್ತು.